ಬೆಲ್ಲ, ತೊಗಟೆ ಮತ್ತು ಮೂರನೆಯ ವಾಸನೆ

2016ರ ಸೆಪ್ಟೆಂಬರ್ 30, ಶುಕ್ರವಾರ, ಪೆತ್ರಮಾಸದ, ಅಂದರೆ ಮಹಾಲಯ ಅಮಾವಾಸ್ಯೆಯ ಬೆಳಗ್ಗೆ, ಮಕ್ತಲ್‌ನಿಂದ ನಾರಾಯಣಪೇಟೆಗೆ ಹೋಗುವ ರಸ್ತೆಯ ಒಂದು ಊರಿನಲ್ಲಿ, ವಿಧವೆಯೊಬ್ಬರ ಮನೆಯ ಜೋಳ ತುಂಬಿಡುವ ಗುಮ್ಮಿಯೊಳಗಿಂದ ಅಬಕಾರಿ ಸಿಬ್ಬಂದಿ ಒಂದು ಪ್ಲಾಸ್ಟಿಕ್ ನೀರಿನ ಬಾಟಲಿಯನ್ನು ಹೊರತೆಗೆದರು. ಅದರಲ್ಲಿ ಅರ್ಧಕ್ಕಿಂತ ತುಸು ಕಡಿಮೆ, ಕಂದು ಬಣ್ಣದ ಮದ್ಯವಿತ್ತು. ಪಂಚನಾಮೆಯಲ್ಲಿ ಅದನ್ನು ‘ಬಣ್ಣ ಹಾಕಿದ ಗುಡುಂಬಾ’ ಎಂದು ಬರೆಯಲಾಯಿತು. ಪಂಚರಾಗಿ ಇಬ್ಬರು ಸಹಿ ಮಾಡಿದರು. ಎರಡನೆಯ ಸಹಿ ನನ್ನದು.

ಗುಡುಂಬಾ ಎಂದರೆ ಕರಿ ಬೆಲ್ಲವನ್ನು ಕೊಳೆಸಿ, ಜಾಲಿಯ ತೊಗಟೆ ಹಾಕಿ, ಮಡಕೆಯಲ್ಲಿ ಕುದಿಸಿ ಇಳಿಸಿದ ಕಳ್ಳಭಟ್ಟಿ. ರಾಯಚೂರಿನ ಗಡಿಯಾಚೆಯ ನಮ್ಮ ಹೊಸ ರಾಜ್ಯ ಹುಟ್ಟಿ ಎರಡು ವರ್ಷ ದಾಟಿತ್ತು. ಗುಡುಂಬಾ ಇಲ್ಲದ ಊರುಗಳೆಂದು ಘೋಷಿಸುವ ಅವಸರ ಆಗ ಎಲ್ಲ ಕಚೇರಿಗಳಲ್ಲೂ ಇತ್ತು. ನಾನು ರಾಯಚೂರಿನಲ್ಲಿ ಅಚ್ಚಾಗುವ ಕನ್ನಡ ಪತ್ರಿಕೆಯೊಂದಕ್ಕೆ ನಾರಾಯಣಪೇಟೆಯಿಂದ ಸುದ್ದಿ ಕಳಿಸುತ್ತಿದ್ದೆ. ದಾಳಿಗೆ ಹೋಗುವಾಗ ಅಬಕಾರಿಯವರು ಜೀಪಿನ ಹಿಂದಿನ ಸೀಟಿನಲ್ಲಿ ಒಬ್ಬಿಬ್ಬರು ವರದಿಗಾರರನ್ನು ಹತ್ತಿಸಿಕೊಳ್ಳುವುದು ರೂಢಿ. ಆ ದಿನ ನಾನೊಬ್ಬನೇ ಇದ್ದೆ.

ಪಂಚನಾಮೆಗೆ ಇಬ್ಬರು ಬೇಕು. ಮೊದಲನೆಯವರು ಸುಲಭವಾಗಿ ಸಿಕ್ಕರು: ಊರಿನ ಹಳೆಯ ಮಾಲಿಪಟೇಲರ, ಅಂದರೆ ಕಂದಾಯದ ಪಟೇಲರ ಮಗ, ಎಪ್ಪತ್ತು ದಾಟಿದವರು, ದಾಳಿ ಎಂದರೆ ಕರೆಯದೆ ಬರುವವರು. ಎರಡನೆಯವರಾಗಲು ಯಾರೂ ಮುಂದೆ ಬರಲಿಲ್ಲ. ಹಿರಿಯರ ಎಡೆ ಇಡುವ ದಿನ, ಯಾರ ಮನೆಯ ಮೇಲೂ ಕೈ ಎತ್ತುವ ಮನಸ್ಸು ಯಾರಿಗೂ ಇರಲಿಲ್ಲ. ಅಧಿಕಾರಿ ನನ್ನ ಕಡೆ ತಿರುಗಿ, ನೀವೇ ಓದು ಬರಹ ಬಲ್ಲವರಿದ್ದೀರಿ, ನೀವೇ ನಿಂತುಬಿಡಿ ಎಂದರು. ಸುದ್ದಿ ಬರೆಯುವವನು ಸುದ್ದಿಯೊಳಗೆ ಕಾಲಿಡಬಾರದು ಎಂದು ನನಗೆ ಕೆಲಸ ಕಲಿಸಿದ ಹಿರಿಯ ಉಪಸಂಪಾದಕರು ಹೇಳಿದ್ದರು. ಜೀಪು ಮುಂದೆ ಇನ್ನೂ ಎರಡು ಊರಿಗೆ ಹೋಗಬೇಕಿತ್ತು. ನಾನು ನಿಂತೆ.

ಈ ಕಡೆ ಮದ್ಯದ ಪಂಚನಾಮೆ ಮೂಗಿನಿಂದ ನಡೆಯುತ್ತದೆ. ಪ್ರಯೋಗಾಲಯದ ವರದಿ ಬರಲು ವಾರಗಳು ಬೇಕು. ಆದ್ದರಿಂದ ಪಂಚರು ಸ್ಥಳದಲ್ಲೇ ಬಾಟಲಿ ಮೂಸುತ್ತಾರೆ. ಬೇಕಾದರೆ ಒಂದು ಬೆರಳು ಅದ್ದಿ ನಾಲಿಗೆಗೆ ಹಚ್ಚಿಕೊಳ್ಳುತ್ತಾರೆ. ‘ನಮ್ಮ ಅನುಭವದಿಂದ ಇದು ಇಂಥದೆಂದು ಖಚಿತವಾಯಿತು’ ಎಂಬ ಸಾಲು ಕಾಗದದಲ್ಲಿ ಮೊದಲೇ ಇರುತ್ತದೆ. ಇಂಥದು ಎಂಬಲ್ಲಿ ಖಾಲಿ ಜಾಗ. ಅನುಭವ ಎಂದರೆ ನಮ್ಮ ಕಡೆ ಮೂರು ವಾಸನೆ: ಈಚಲ ಕಳ್ಳು, ಗುಡುಂಬಾ, ಅಂಗಡಿಯ ಅಗ್ಗದ ಬ್ರಾಂದಿ. ನಾನು ಬೆಳೆದ ಮನೆಯ ಎದುರಿನ ಹಳ್ಳದಲ್ಲಿ ಭಟ್ಟಿ ಇಳಿಯುತ್ತಿತ್ತು. ಬೆಂಕಿ ಹಚ್ಚಿ ಎಷ್ಟು ಹೊತ್ತಾಯಿತು ಎಂಬುದನ್ನೂ ವಾಸನೆಯಿಂದ ಹೇಳಬಲ್ಲೆ ಎಂದು ಅಂದುಕೊಂಡಿದ್ದೆ.

ಮಾಲಿಪಟೇಲರ ಮಗ ಬಾಟಲಿ ಮೂಸಿದರು. ಬೆರಳು ಅದ್ದಿ ಚೀಪಿದರು. ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ನಿಂತರು.

‘ಬೆಲ್ಲದ್ದ ಐತಿ ಸಾರೂ. ತೊಗಟಿ ಜರಾ ಜಾಸ್ತಿ ಬಿದ್ದೈತಿ. ಖರೇ ಹೇಳಬೇಕಂದ್ರ, ಈಕಿ ಕೈಗುಣ ಸುಧಾರಿಸೈತಿ.’

ಬಾಗಿಲ ಹೊರಗೆ ನಿಂತವರು ನಕ್ಕರು. ಆ ಹೆಂಗಸು ಒಳಗೆ, ಗೋಡೆಯ ಪಕ್ಕ ನಿಂತಿದ್ದರು. ಅವರ ಹಿಂದೆ ಎಡೆ ಸಿದ್ಧವಾಗಿತ್ತು. ಎಲೆಯ ಮೇಲೆ ಜೋಳದ ರೊಟ್ಟಿ, ಪುಂಡಿಪಲ್ಯ, ಕುರಿಯ ಮಾಂಸದ ನಾಲ್ಕು ತುಂಡು, ಗೋಧಿಯ ಪಾಯಸ. ಪಕ್ಕದಲ್ಲಿ ಒಂದು ಸ್ಟೀಲಿನ ಲೋಟ. ಲೋಟ ಖಾಲಿ ಇತ್ತು. ಇದು ತಾನು ಇಳಿಸಿದ್ದಲ್ಲ, ಪರದೇಶದ್ದು, ತಾನು ಅಡುಗೆ ಮಾಡುವ ಸಾವ್ಕಾರರ ಮನೆಯಲ್ಲಿ ಕೊಟ್ಟದ್ದು ಎಂದು ಅವರು ಮೂರು ಸಲ ಹೇಳಿದರು. ಮೂರನೆಯ ಸಲಕ್ಕೆ ಕಾನ್‌ಸ್ಟೇಬಲ್ ಒಬ್ಬ, ‘ಪರದೇಶದ್ದು ನೀರಿನ ಬಾಟ್ಲ್ಯಾಗ ಬರತೈತೇನವ್ವಾ, ಇಮಾನದಾಗ ಕುಂತು?’ ಎಂದ. ಮತ್ತೆ ನಗು.

ನನ್ನ ಸರದಿ ಬಂತು. ಮೂಸಿದೆ. ಮೊದಲು ಸುಟ್ಟ ಬೆಲ್ಲ. ಅದರ ಕೆಳಗೆ ಮರ, ತೊಗಟೆಯಂಥ ಒಗರು. ಅದರ ಕೆಳಗೆ ಇನ್ನೊಂದು ಇತ್ತು. ಮೆದುವಾದ, ಮಕ್ಕಳ ತಿಂಡಿಯಂಥ ವಾಸನೆ. ಗೊತ್ತಿರುವ ವಾಸನೆಯೇ, ಆದರೆ ಮದ್ಯದಲ್ಲಿ ಇರಬೇಕಾದದ್ದಲ್ಲ. ಹೆಸರು ಹೊಳೆಯಲಿಲ್ಲ. ನನ್ನ ಟಿಪ್ಪಣಿ ಪುಸ್ತಕದಲ್ಲಿ ಆ ದಿನದ ಪುಟ ಈಗಲೂ ಇದೆ: ‘ಬೆಲ್ಲ. ತೊಗಟೆ.’ ಅದರ ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ.

ಅಧಿಕಾರಿ ಏನು ಅನ್ನಿಸಿತು ಎಂದು ಕೇಳಿದಾಗ ನಾನು ಮೊದಲ ಎರಡನ್ನು ಹೇಳಿದೆ. ಚಿಹ್ನೆಯನ್ನು ಹೇಳಲಿಲ್ಲ. ಅವರು ಬರೆಸಿದರು. ನಾನು ಸಹಿ ಮಾಡಿ ಪೆನ್ನು ವಾಪಸು ಕೊಡುವಾಗ ಆ ಹೆಂಗಸು ನನ್ನನ್ನು ನೋಡಿ, ‘ಸಾರೂ, ನೀವರ ಚೊಲೋತ್ನ್ಯಾಗ ಮೂಸ್ರಿ’ ಎಂದರು.

ಬಾಟಲಿಯ ಬಾಯಿಗೆ ಆಗಲೇ ಅರಗು ಬಿದ್ದಿತ್ತು.

ಮರುದಿನದ ಪತ್ರಿಕೆಯಲ್ಲಿ ಐದು ಸಾಲಿನ ಸುದ್ದಿ ಬಂತು. ‘ಮುಚ್ಚಳಿಕೆ ಕೊಟ್ಟರೂ ನಿಲ್ಲದ ಗುಡುಂಬಾ’ ಎಂಬ ತಲೆಬರಹ ನಾನೇ ಕೊಟ್ಟದ್ದು. ಹೆಸರು ಹಾಕಿರಲಿಲ್ಲ. ಊರಿನ ಹೆಸರಿತ್ತು. ಅಷ್ಟು ಸಣ್ಣ ಊರಿಗೆ ಅದೇ ಸಾಕು.

ಮುಚ್ಚಳಿಕೆಯ ವಿಷಯ ಹೀಗೆ. ಆಕೆ ಹಿಂದೆ ಎಂಟು ವರ್ಷ ಗುಡುಂಬಾ ಇಳಿಸಿದ್ದು ನಿಜ. ಅದನ್ನು ಅವರು ಯಾರ ಮುಂದೆಯೂ ಮುಚ್ಚಿಡಲಿಲ್ಲ. ಅಭಿಯಾನ ಶುರುವಾದಾಗ ಅಬಕಾರಿಯವರ ಹಳೆಯ ಪಟ್ಟಿಯಲ್ಲಿ ಹೆಸರಿದ್ದವರನ್ನೆಲ್ಲ ಮಂಡಲ ಕಚೇರಿಗೆ ಕರೆಸಿ ತಹಶೀಲ್ದಾರರ ಮುಂದೆ ಮುಚ್ಚಳಿಕೆ ಬರೆಸಿಕೊಂಡಿದ್ದರು. ಒಂದು ವರ್ಷ ಕಳ್ಳಭಟ್ಟಿ ಇಳಿಸುವುದಿಲ್ಲ, ಇಟ್ಟುಕೊಳ್ಳುವುದಿಲ್ಲ, ಮಾರುವುದಿಲ್ಲ. ತಪ್ಪಿದರೆ ವರ್ಷದಲ್ಲಿ ಉಳಿದಷ್ಟು ದಿನ ಜೈಲು. ಆಕೆಯೂ ಹೆಬ್ಬೆಟ್ಟು ಒತ್ತಿದ್ದರು. ಬಾಟಲಿಯಲ್ಲಿ ಇದ್ದದ್ದು ಗುಡುಂಬಾ ಹೌದಾದರೆ ಅವರು ಒಳಗೆ. ಅಲ್ಲವಾದರೆ ಹೊರಗೆ. ಉಳಿದ ಯಾವುದೂ ಲೆಕ್ಕಕ್ಕೆ ಬರುವಂತಿರಲಿಲ್ಲ.

ದಾಳಿಯ ಪ್ರಕರಣದಲ್ಲಿ ಅವರಿಗೆ ಠಾಣೆಯಲ್ಲೇ ಜಾಮೀನು ಸಿಕ್ಕಿತು. ನಾಲ್ಕನೆಯ ದಿನ ಅವರು ನಾರಾಯಣಪೇಟೆ ಬಸ್‌ಸ್ಟ್ಯಾಂಡಿಗೆ ಬಂದು, ನಾನು ದಿನಾ ಕೂರುವ ಚಹಾ ಅಂಗಡಿಯ ಮುಂದೆ ನಿಂತರು. ಬೈಯಲು ಬಂದಿದ್ದಾರೆ ಎಂದುಕೊಂಡೆ. ಅವರು ಬೈಯಲಿಲ್ಲ. ತಹಶೀಲ್ದಾರರ ನೋಟಿಸನ್ನು ನನ್ನ ಕೈಗೆ ಕೊಟ್ಟು ಓದಿಸಿಕೊಂಡರು. ಆಮೇಲೆ ಬೆಂಚಿನ ತುದಿಯಲ್ಲಿ ಕುಳಿತು ಉಳಿದದ್ದನ್ನು ಹೇಳಿದರು.

ಅವರ ಗಂಡ ಕುರಿ ಕಾಯುತ್ತಿದ್ದವರು. ಕುರಿ ಹೋದ ಮೇಲೆ ಮನೆಯಲ್ಲೇ ಇದ್ದರು. ಹೆಂಡತಿ ಇಳಿಸಿದ್ದನ್ನೇ ಕುಡಿದರು. ಎಂಟನೆಯ ವರ್ಷ ಒಂದು ಮುಂಜಾನೆ ರಕ್ತ ಕಾರಿ, ಮಕ್ತಲ್ ಮುಟ್ಟುವ ಮೊದಲೇ ಆಟೋದಲ್ಲಿ ಸತ್ತರು. ಮಣ್ಣು ಮಾಡಿ ಬಂದ ಮರುದಿನ ಆಕೆ ಹಳ್ಳಕ್ಕೆ ಹೋಗಿ ಮಡಕೆಗಳನ್ನು ಒಂದೊಂದಾಗಿ ಕಲ್ಲಿಗೆ ಒಡೆದರು. ಸರ್ಕಾರ ಹೇಳುವ ಮೊದಲೇ. ಆಮೇಲೆ ನಾರಾಯಣಪೇಟೆಯಲ್ಲಿ ಮಗ್ಗಗಳನ್ನಿಟ್ಟುಕೊಂಡು ಗದ್ವಾಲದಲ್ಲಿ ಸೀರೆ ಅಂಗಡಿ ನಡೆಸುವ ವ್ಯಾಪಾರಿಯೊಬ್ಬರ ಅತಿಥಿಗೃಹದಲ್ಲಿ ಅಡುಗೆಗೆ ಸೇರಿದರು.

ದಾಳಿ ನಡೆದ ವರ್ಷದ ಮಳೆಗಾಲದಲ್ಲಿ ಅಲ್ಲಿಗೆ ಪರದೇಶದ ಖರೀದಿದಾರನೊಬ್ಬ ಬಂದು ಮೂರು ದಿನ ಇದ್ದ. ನಾರಾಯಣಪೇಟೆಯ ಸೀರೆಯ ಅಂಚನ್ನು ದಿಂಬಿನ ಚೀಲಕ್ಕೆ ಬಳಸುವ ಯೋಚನೆ ಅವನದು. ವ್ಯಾಪಾರಿಗೆ ಉಡುಗೊರೆಯಾಗಿ ಒಂದು ಬಾಟಲಿ ತಂದಿದ್ದ. ತಾನೇ ತೆರೆದು, ತಾನೇ ಅರ್ಧ ಕುಡಿದು ಹೋದ. ಸಾವ್ಕಾರರಿಗೆ ಬಾಟಲಿಯ ಮೇಲೆ ಆಸೆ, ಒಳಗಿದ್ದದ್ದರ ಮೇಲೆ ಇರಲಿಲ್ಲ. ಅಂಗಡಿಯ ಗಾಜಿನ ಕಪಾಟಿನಲ್ಲಿ ಇಡಬೇಕು, ಮದ್ಯ ಇರುವ ಬಾಟಲಿಯನ್ನು ಸೀರೆ ಕೊಳ್ಳಲು ಬರುವ ಹೆಣ್ಣುಮಕ್ಕಳ ಮುಂದೆ ಇಡುವುದು ಸರಿಯಲ್ಲ. ಉಳಿದದ್ದನ್ನು ನೀರಿನ ಬಾಟಲಿಗೆ ಬಗ್ಗಿಸಿ, ಮೋರಿಗೆ ಚೆಲ್ಲು ಎಂದು ಆಕೆಯ ಕೈಗೆ ಕೊಟ್ಟರು. ಆಕೆ, ಪೆತ್ರಮಾಸಕ್ಕೆ ಬೇಕಿತ್ತು ಎಂದು ಕೇಳಿದರು. ಸಾವ್ಕಾರರು, ಒಯ್ಯಿ ಎಂದರು.

ಹಿರಿಯರಿಗೆ ಎಡೆ ಇಡುವ ದಿನ, ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಇಡಬೇಕು. ಕುಡಿಯುತ್ತಿದ್ದವರಿಗೆ ಕುಡಿಯುವುದನ್ನೂ ಇಟ್ಟು, ಆಮೇಲೆ ನೆಲಕ್ಕೆ ಬಿಡಬೇಕು. ಗಂಡ ಸತ್ತ ಮೇಲಿನ ಪೆತ್ರಮಾಸಗಳಲ್ಲಿ ಅವರು ಕಳ್ಳು ತಂದಿಟ್ಟಿದ್ದರಂತೆ. ಅದಕ್ಕೂ ಏನೇನೋ ಪುಡಿ ಬೆರೆಸುತ್ತಾರೆ ಎಂಬ ಮಾತು ಕೇಳಿ ಮನಸ್ಸು ಒಪ್ಪಿರಲಿಲ್ಲ.

‘ನನ್ನ ಕೈಯಾಂದು ವಿಷಾನ ಕುಡದು ಹ್ವಾದಾರ‍್ರಿ’ ಎಂದರು. ‘ಒಂದ ಸರ್ತಿ ಚೊಲೋದು ಕುಡೀಲಿ ಅಂದ್ಕಂಡ್ಯಾ.’

ಖಾಲಿ ಬಾಟಲಿ ಗದ್ವಾಲದ ಅಂಗಡಿಯಲ್ಲಿದೆ ಎಂದೂ, ಅದನ್ನು ನೀವೊಮ್ಮೆ ನೋಡಿ ಬನ್ನಿ ಎಂದೂ ಹೇಳಿ ಬಸ್ಸು ಹತ್ತಿದರು.

ಅಕ್ಟೋಬರ್ 11, ದಸರಾ, ರಾಜ್ಯದ ಹೊಸ ಜಿಲ್ಲೆಗಳು ಹುಟ್ಟಿದ ದಿನ. ಗದ್ವಾಲ ಜಿಲ್ಲೆಯಾಯಿತು. ನಾರಾಯಣಪೇಟೆ ಆಗಲಿಲ್ಲ, ಅದರ ಅಸಮಾಧಾನದ ಸುದ್ದಿಯನ್ನು ಹಿಂದಿನ ದಿನವೇ ಕಳಿಸಿದ್ದೆ. ಪತ್ರಿಕೆಯವರು ನನ್ನನ್ನು ಗದ್ವಾಲಕ್ಕೆ ಕಳಿಸಿದರು. ಬಾವುಟ, ಭಾಷಣ, ಹೊಸ ಕಚೇರಿಗೆ ಹಳೆಯ ಕಟ್ಟಡದ ಮೇಲೆ ಹೊಸ ಬೋರ್ಡು. ಮಧ್ಯಾಹ್ನಕ್ಕೆ ಕೆಲಸ ಮುಗಿಯಿತು. ಸೀರೆ ಅಂಗಡಿಗೆ ಹೋದೆ.

ಬಾಟಲಿ ಗಲ್ಲಾದ ಹಿಂದೆ, ಗಾಜಿನ ಕಪಾಟಿನಲ್ಲಿ, ಜರಿಯ ಸೀರೆಯೊಂದರ ಮಡಿಕೆಯ ಮೇಲೆ ನಿಂತಿತ್ತು. ದಪ್ಪ ಗಾಜು, ಗಿಡ್ಡ ಕೊರಳು, ಕಟ್ಟಿಗೆಯ ಬಿರಡೆ, ಬಿರಡೆಯ ಸುತ್ತ ಕಡುಗೆಂಪು ಮೇಣ. ಕಾಗದದ ಚೀಟಿಯ ಮೇಲೆ ಅಚ್ಚಿನ ಅಕ್ಷರ ಕಡಿಮೆ. ಪೀಪಾಯಿಯ ಸಂಖ್ಯೆ, ಬಾಟಲಿಯ ಸಂಖ್ಯೆ, ತುಂಬಿದವರ ಸಹಿ ಎಲ್ಲವೂ ಶಾಯಿಯ ಕೈಬರಹ. ಬಾಟಲಿಯ ಸಂಖ್ಯೆ 114. ಚೆನ್ನಾಗಿದೆಯಲ್ಲ ಎಂದೆ. ವ್ಯಾಪಾರಿ ಹಬ್ಬದ ಉತ್ಸಾಹದಲ್ಲಿದ್ದರು. ಕಪಾಟಿನ ಬೀಗ ತೆಗೆದು ಕೈಗೆ ಕೊಟ್ಟರು. ಫೋಟೋ ತೆಗೆಯಲೇ ಎಂದು ಕೇಳಿದೆ. ತೆಗೆಯಿರಿ, ಅದಕ್ಕೇನು ಎಂದರು. ತೆಗೆದೆ.

ಆ ಖರೀದಿದಾರನಿಂದ ಕೇಳಿ ತಿಳಿದು ಅವರು ಹೇಳಿದ್ದನ್ನು ಅಲ್ಲೇ ಬರೆದುಕೊಂಡೆ. ಇದು ಬರ್ಬನ್ ಎಂಬ ಜಾತಿಯ ವಿಸ್ಕಿ. ಮಾಡುವುದು ಮೆಕ್ಕೆಜೋಳದಿಂದ, ‘ನಮ್ಮಲ್ಲಿ ಕೋಳಿಗೆ ಹಾಕ್ತೀವಲ್ರಿ, ಅದಾ.’ ಇಳಿಸಿದ ಮದ್ಯಕ್ಕೆ ಬಣ್ಣವಿಲ್ಲ, ನೀರಿನ ಹಾಗೆ ಇರುತ್ತದೆ. ಅದನ್ನು ಹೊಸ ಓಕ್ ಮರದ ಪೀಪಾಯಿಯಲ್ಲಿ ತುಂಬುತ್ತಾರೆ. ತುಂಬುವ ಮೊದಲು ಪೀಪಾಯಿಯ ಒಳಮೈಗೆ ಬೆಂಕಿ ಕೊಟ್ಟು, ಮೊಸಳೆಯ ಬೆನ್ನಿನ ಹಾಗೆ ಬಿರಿಯುವವರೆಗೆ ಸುಡುತ್ತಾರೆ. ಬೇಸಿಗೆಯಲ್ಲಿ ಮದ್ಯ ಆ ಇದ್ದಿಲನ್ನು ದಾಟಿ ಮರದೊಳಗೆ ಇಳಿಯುತ್ತದೆ, ಚಳಿಗೆ ಹೊರಗೆ ಬರುತ್ತದೆ. ಹೀಗೆ ಹೋಗಿ ಬಂದು ವರ್ಷಗಳು ಕಳೆದ ಮೇಲೆ ಬಣ್ಣ, ಸಿಹಿ, ಹೊಗೆ ಮೂರೂ ಕಟ್ಟಿಗೆಯಿಂದಲೇ ಸಿಗುತ್ತವೆ. ಹೊರಗಿನಿಂದ ಏನೂ ಹಾಕುವಂತಿಲ್ಲ. ಒಮ್ಮೆ ಬಳಸಿದ ಪೀಪಾಯಿಯನ್ನು ಮತ್ತೆ ಬರ್ಬನ್‌ಗೆ ಬಳಸುವಂತಿಲ್ಲ. ಈ ಬಾಟಲಿಯದು ಒಂದೇ ಪೀಪಾಯಿಯ ಮಾಲು, ಇನ್ನೊಂದರ ಜೊತೆ ಬೆರೆಸದೆ, ನೀರನ್ನೂ ಸೇರಿಸದೆ ತುಂಬಿದ್ದು. ಪೀಪಾಯಿ ಬರಿದಾದರೆ ಮುಗಿಯಿತು, ಅದೇ ರುಚಿ ಮತ್ತೆ ಸಿಗುವುದಿಲ್ಲ. ಆದ್ದರಿಂದಲೇ ಸಂಖ್ಯೆ ಹಾಕುತ್ತಾರೆ.

‘ಒಂದ ಮಗ್ಗದಾಗ ಒಂದ ಸೀರಿ ನೇದು, ಮಗ್ಗಾನ ಮುರದು ಹಾಕಿದಂಗ’ ಎಂದರು. ‘ನಾವು ಹಂಗ ಮಾಡಿದ್ರ ಮಂದಿ ಹುಚ್ಚ ಅಂತಾರ.’

ರುಚಿ ಹೇಗೆ ಎಂದೆ. ಅವರು ಒಂದೇ ಗುಟುಕು ಕುಡಿದಿದ್ದರು: ಮೊದಲು ಸಿಹಿ, ಆಮೇಲೆ ಗಂಟಲಲ್ಲಿ ಮೆಣಸು, ಉಸಿರು ಬಿಟ್ಟರೆ ಹೊಗೆ. ಬಿರಡೆ ಬಿಚ್ಚಿ ಮೂಗಿನ ಹತ್ತಿರ ಹಿಡಿದರು. ಸುಟ್ಟ ಬೆಲ್ಲ. ಮರ. ಅದರ ಕೆಳಗೆ ಮೂರನೆಯದು. ಈ ಸಲ ಅವಸರವಿರಲಿಲ್ಲ. ಬಸ್‌ಸ್ಟ್ಯಾಂಡಿನ ಬೇಕರಿಯಲ್ಲಿ ಕೆನೆ ತುಂಬಿದ ಬನ್ನು ಇಡುವ ತಟ್ಟೆಯ ವಾಸನೆ ಅದು. ವೆನಿಲ್ಲಾ. ಗುಡುಂಬಾದಲ್ಲಿ ಅದು ಇರುವುದಿಲ್ಲ. ಬೆಲ್ಲಕ್ಕೂ ಜಾಲಿಯ ತೊಗಟೆಗೂ ಅದನ್ನು ಕೊಡುವ ಶಕ್ತಿ ಇಲ್ಲ.

ಒಳಗಿದ್ದದ್ದು ಏನಾಯಿತು ಎಂದು ಕೇಳಿದೆ. ಅಡುಗೆಯಾಕೆಗೆ ಕೊಟ್ಟಿರಂತಲ್ಲ ಎಂದೆ. ವ್ಯಾಪಾರಿ ಬಿರಡೆಯನ್ನು ನಿಧಾನವಾಗಿ ಒತ್ತಿ ಕೂರಿಸಿದರು.

‘ನೀವು ಸೀರಿ ನೋಡಾಕ ಬಂದೀರೋ, ಪೇಪರಿನವ್ರಾಗಿ ಬಂದೀರೋ?’

ಪೇಪರಿನವನಾಗಿ ಎಂದೆ.

‘ಹಂಗಾರ ಬಾಟ್ಲಿ ಖಾಲೀನ ಬಂದಿತ್ತು ಅಂತ ಬರ್ಕೋರಿ.’

ಅವರಿಗೂ ಕಾರಣವಿತ್ತು. ಸುಂಕ ಕಟ್ಟದ ಪರದೇಶದ ಮದ್ಯವನ್ನು ಪಡೆದೆ, ಇನ್ನೊಬ್ಬರಿಗೆ ಕೊಟ್ಟೆ ಎಂದು ಒಪ್ಪಿಕೊಂಡರೆ ಪ್ರಕರಣ ಅವರ ಅಂಗಡಿಯ ಬಾಗಿಲಿಗೆ ಬರುತ್ತಿತ್ತು. ಅದನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ. ಹಬ್ಬದ ದಿನ ಬರಿಗೈಯಲ್ಲಿ ಹೋಗಬಾರದು ಎಂದು ಬನ್ನಿಯ ಎಲೆ ಕೊಟ್ಟು ಕಳಿಸಿದರು. ಮುಂದಿನ ವಾರ ಹೋದಾಗ ಕಪಾಟಿನಲ್ಲಿ ಸೀರೆ ಮಾತ್ರ ಇತ್ತು.

ದಸರಾದ ದಿನವೇ ಸಂಜೆ ರಾಯಚೂರಿಗೆ ಫೋನ್ ಮಾಡಿದ್ದೆ. ಸುದ್ದಿಮನೆಯಲ್ಲಿ ಅದೇ ಹಿರಿಯ ಉಪಸಂಪಾದಕರಿದ್ದರು. ಪೂರ್ತಿ ಕೇಳಿ, ಅವರು ಮೂರು ಪ್ರಶ್ನೆ ಕೇಳಿದರು. ಕೊಟ್ಟವರು ಒಪ್ಪುತ್ತಾರೆಯೇ? ಇಲ್ಲ. ಆ ಹೆಂಗಸನ್ನು ಬಿಟ್ಟು ಇನ್ನೊಬ್ಬರು ಹೇಳುವವರು ಇದ್ದಾರೆಯೇ? ನಾನು. ನೀವು ಪಂಚರು, ನಿಮ್ಮ ಸುದ್ದಿಗೆ ನೀವೇ ಮೂಲ ಆಗಬಹುದೇ? ಇಲ್ಲ. ಹಾಗಾದರೆ ಮೊದಲಿನ ಸುದ್ದಿಗೆ ತಿದ್ದುಪಡಿಯನ್ನಾದರೂ ಹಾಕಿ ಎಂದೆ. ಪಂಚನಾಮೆಯಲ್ಲಿ ಗುಡುಂಬಾ ಎಂದಿದೆ, ನಾವು ಗುಡುಂಬಾ ಎಂದು ಬರೆದಿದ್ದೇವೆ, ತಿದ್ದುವುದು ಏನನ್ನು ಎಂದರು. ಅವರು ಹೇಳಿದ್ದು ನಿಯಮದ ಪ್ರಕಾರ ಸರಿಯಾಗಿತ್ತು.

ಮಂಡಲ ಕಚೇರಿಯಲ್ಲಿ ವಿಚಾರಣೆ ನವೆಂಬರ್‌ನಲ್ಲಿ ನಡೆಯಿತು. ಹೊರಗೆ ಬ್ಯಾಂಕಿನ ಮುಂದೆ ಹಳೆಯ ನೋಟು ಹಿಡಿದು ನಿಂತವರ ಸಾಲು ಕಚೇರಿಯ ಕಾಂಪೌಂಡಿನವರೆಗೆ ಬಂದಿತ್ತು. ಎಲ್ಲರ ಗಮನ ಅಲ್ಲೇ. ತಹಶೀಲ್ದಾರರು ಚಿಕ್ಕ ವಯಸ್ಸಿನವರು, ಮಾತು ಮೆದು. ನನ್ನ ಹೇಳಿಕೆಯನ್ನು ಬರೆದುಕೊಳ್ಳಲು ಒಪ್ಪಿದರು. ಬಾಟಲಿಯ ಫೋಟೋವನ್ನು ಅಚ್ಚು ಹಾಕಿಸಿ ತಂದಿದ್ದೆ, ಅದನ್ನೂ ತೆಗೆದುಕೊಂಡರು. ಆಮೇಲೆ ಪ್ರಯೋಗಾಲಯದ ವರದಿ ಓದಿಸಿದರು. ಮದ್ಯಸಾರ ಇದೆ. ವಿಷ ಇಲ್ಲ. ಸಾರದ ಪ್ರಮಾಣ ಅಂಗಡಿಯಲ್ಲಿ ಸಿಗುವ ಮದ್ಯಕ್ಕಿಂತ ಹೆಚ್ಚು. ಎಲ್ಲಿ, ಯಾವುದರಿಂದ, ಎಷ್ಟು ವರ್ಷದಲ್ಲಿ ಆದದ್ದು ಎಂಬುದನ್ನು ಆ ವರದಿ ಹೇಳುತ್ತಿರಲಿಲ್ಲ, ಅದನ್ನು ಕೇಳಿಯೂ ಇರಲಿಲ್ಲ.

ಅಂಗಡಿಯದಕ್ಕಿಂತ ಖಾರ ಹೆಚ್ಚಿದೆ ಎಂದ ಮೇಲೆ ಅಂಗಡಿಯದಲ್ಲ ಎಂದು ಅಬಕಾರಿ ಅಧಿಕಾರಿ ಹೇಳಿದರು. ನೀರು ಸೇರಿಸದೆ ತುಂಬುತ್ತಾರೆ, ಅದಕ್ಕೇ ಹೆಚ್ಚು ಎಂದು ನಾನು ಹೇಳಿದೆ. ಅದಕ್ಕೆ ದಾಖಲೆ ಕೇಳಿದರು. ದಾಖಲೆ ಎಂದರೆ ವ್ಯಾಪಾರಿ ಆಡಿದ ಮಾತು. ವ್ಯಾಪಾರಿಗೂ ನೋಟಿಸು ಹೋಗಿತ್ತು. ಅವರು ಬರಲಿಲ್ಲ. ಅಂಥ ಬಾಟಲಿ ತಮ್ಮ ಅಂಗಡಿಯಲ್ಲಿ ಇಲ್ಲ ಎಂಬ ಒಂದು ಸಾಲಿನ ಪತ್ರ ಬಂದಿತ್ತು. ಆ ದಿನಕ್ಕೆ ಅದು ಸುಳ್ಳಾಗಿರಲಿಲ್ಲ.

ತಹಶೀಲ್ದಾರರು ಫೋಟೋವನ್ನು ಪಂಚನಾಮೆಯ ಪಕ್ಕ ಇಟ್ಟು ನೋಡಿದರು. ಈ ಬಾಟಲಿಯಲ್ಲಿದ್ದದ್ದೇ ಆ ಬಾಟಲಿಗೆ ಬಂತು ಎಂದು ತೋರಿಸುವುದು ಏನಿದೆ ಎಂದು ಕೇಳಿದರು. ವಾಸನೆ ಎಂದೆ.

‘ವಾಸನೆ ಇಲ್ಲಿ ಬರದೈತಲ್ರಿ. ನಿಮ್ದ ಸಹಿ ಐತಿ.’

ಮಾಲಿಪಟೇಲರ ಮಗನನ್ನೂ ಕರೆಸಿದ್ದರು. ಮತ್ತೊಮ್ಮೆ ಬೇಕಾದರೂ ಮೂಸುತ್ತೇನೆ, ಬಾಟಲಿ ತರಿಸಿ ಎಂದು ಅವರು ಹೇಳಿದರು. ಸಿಬ್ಬಂದಿ ನಕ್ಕರು. ಪೇಪರಿನವರ ಮೂಗಿಗೆ ಗದ್ವಾಲದ ಗಾಳಿ ಬಡಿದಿದೆ ಎಂದೂ ಆ ಹಿರಿಯರು ಹೇಳಿದರು. ಕೊನೆಗೆ ತಹಶೀಲ್ದಾರರು ಆಕೆಯನ್ನು ಹೇಳುವುದೇನಾದರೂ ಇದೆಯೇ ಎಂದು ಕೇಳಿದರು. ಮಡಕೆ ಒಡೆದ ಮೇಲೆ ತಾನು ಒಲೆಯ ಮೇಲೆ ಅನ್ನ ಬಿಟ್ಟು ಬೇರೇನೂ ಇಟ್ಟಿಲ್ಲ ಎಂದರು. ಅದನ್ನು ಬರೆದುಕೊಂಡರು.

ಆದೇಶ ಅದೇ ದಿನ ಆಯಿತು. ಮುಚ್ಚಳಿಕೆಯ ಅವಧಿಯಲ್ಲಿ ಉಳಿದಿದ್ದದ್ದು ಮೂರು ತಿಂಗಳು ಹದಿನೇಳು ದಿನ. ಕರೆದೊಯ್ಯಲು ಮಹಿಳಾ ಕಾನ್‌ಸ್ಟೇಬಲ್ ಬರುವವರೆಗೆ ಅವರು ಕಚೇರಿಯ ಪಡಸಾಲೆಯಲ್ಲಿ ಕುಳಿತಿದ್ದರು. ನಾನು ಹತ್ತಿರ ಹೋಗಿ ನಿಂತೆ. ಅವರೇ ಕೇಳಿದರು, ಹಿಡಿದ ಬಾಟಲಿಯನ್ನು ಏನು ಮಾಡುತ್ತಾರೆ ಎಂದು. ಪ್ರಕರಣ ಮುಗಿದ ಮೇಲೆ ಚೆಲ್ಲುತ್ತಾರೆ ಎಂದೆ.

‘ಚೆಲ್ಲೂ ದಿನ ನನಗ ಹೇಳಾಕ ಬರತೈತೇನ್ರಿ?’

ಹೇಳುತ್ತೇನೆ ಎಂದೆ.

ಅವರು ಫೆಬ್ರವರಿ ಕೊನೆಯಲ್ಲಿ ಹೊರಗೆ ಬಂದರು. ಅತಿಥಿಗೃಹದ ಅಡುಗೆಗೆ ಬೇರೆಯವರು ಬಂದಿದ್ದರು. ಊರಿನಲ್ಲಿ ಅವರ ಮನೆಯ ಮುಂದೆ ಹಾದುಹೋಗುವವರು ಗಾಳಿ ಮೂಸುವ ನಟನೆ ಮಾಡುತ್ತಿದ್ದರು. ಒಮ್ಮೆ ನಾನು ಅಲ್ಲಿದ್ದಾಗಲೇ ಒಬ್ಬ, ‘ಎವ್ವಾ, ಪರದೇಶದ್ದು ಬಂದೈತೇನ?’ ಎಂದು ಕೂಗಿ ಹೋದ. ಅವರು ಜೋಳ ಹಸನು ಮಾಡುತ್ತಿದ್ದರು. ಮೊರದಿಂದ ತಲೆ ಎತ್ತಲಿಲ್ಲ. ಕೂಲಿಗೆ ಹತ್ತಿ ಬಿಡಿಸಲು ಹೋಗುತ್ತಿದ್ದರು. ಆ ವರ್ಷದ ಪೆತ್ರಮಾಸಕ್ಕೆ ಏನಿಟ್ಟರೋ ನನಗೆ ತಿಳಿಯದು. ನಾನು ಹೋಗಿರಲಿಲ್ಲ.

ದಾಳಿಯ ಮೂಲ ಪ್ರಕರಣ ಮುಗಿದು, ಹಿಡಿದ ಮಾಲನ್ನು ನಾಶ ಮಾಡುವ ಆದೇಶ ಬಂದದ್ದು ಮರುವರ್ಷ, 2018ರ ಬೇಸಿಗೆಯಲ್ಲಿ. ದಾಳಿ ಮಾಡಿದ ಅಧಿಕಾರಿ ವರ್ಗವಾಗಿ ಹೊಸಬರು ಬಂದಿದ್ದರು. ಸುದ್ದಿಗಾಗಿ ನನಗೆ ತಿಳಿಸಿದರು. ನಾನು ಹಿಂದಿನ ದಿನವೇ ಊರಿಗೆ ಹೋಗಿ ಆಕೆಗೆ ಹೇಳಿ ಬಂದೆ.

ಅಬಕಾರಿ ಕಚೇರಿಯ ಹಿತ್ತಲಲ್ಲಿ ಗುಂಡಿ ತೋಡಿದ್ದರು. ಬೇವಿನ ಮರದ ಕೆಳಗೆ ಕ್ಯಾನುಗಳು, ಗಾಜಿನ ಬಾಟಲಿಗಳು, ಬೆಲ್ಲದ ಕೊಳೆ ತುಂಬಿದ ಡ್ರಮ್ಮು ಸಾಲಾಗಿದ್ದವು. ಆ ನೀರಿನ ಬಾಟಲಿ ಸಾಲಿನ ಕೊನೆಯಲ್ಲಿತ್ತು. ಚೀಟಿಯ ಮೇಲೆ ಪ್ರಕರಣದ ಸಂಖ್ಯೆ, ಅದರ ಕೆಳಗೆ ‘ಗುಡುಂಬಾ (ಬಣ್ಣದ್ದು)’. ಗೇಟಿನ ಒಳಗೆ ಹೊರಗಿನವರನ್ನು ಬಿಡುವಂತಿರಲಿಲ್ಲ. ಆಕೆ ರಸ್ತೆಯ ಆಚೆ, ಮುಚ್ಚಿದ ಅಂಗಡಿಯೊಂದರ ಕಟ್ಟೆಯ ಮೇಲೆ ತಲೆಗೆ ಸೆರಗು ಹೊದ್ದು ಕುಳಿತಿದ್ದರು. ಅವರನ್ನು ಒಳಗೆ ಬಿಡಬಹುದೇ ಎಂದು ಕೇಳಿದೆ. ಆರೋಪಿಯನ್ನು ಹೇಗೆ ಬಿಡುವುದು ಎಂದರು.

ನಾಶದ ಪಂಚನಾಮೆಗೂ ಇಬ್ಬರು ಬೇಕು. ಹೊಸ ಅಧಿಕಾರಿ ಕಾಗದ ನನ್ನ ಮುಂದೆ ಹಿಡಿದರು. ನಾನು ಸಹಿ ಮಾಡಲಿಲ್ಲ. ಪಕ್ಕದ ಕಚೇರಿಯ ಜವಾನ ಮಾಡಿದ.

ಒಂದೊಂದಾಗಿ ಸುರಿದರು. ಹಿತ್ತಲು ತುಂಬ ಹುಳಿ ಬೆಲ್ಲದ ವಾಸನೆ. ನೀರಿನ ಬಾಟಲಿಯ ಅರಗು ಒಡೆದು ಮಗುಚಿದಾಗ ಅದರ ವಾಸನೆ ಬೇರೆಯಾಗಿ ಎದ್ದಿತು. ಬೆಲ್ಲ, ಮರ, ಬೇಕರಿ. ಸುರಿಯುತ್ತಿದ್ದ ಕಾನ್‌ಸ್ಟೇಬಲ್, ಇದ್ಯಾವುದೋ ಕೇಕಿನ ಹಾಗೆ ನಾರುತ್ತದಲ್ಲ ಎಂದು ತನ್ನಷ್ಟಕ್ಕೆ ಅಂದ. ಬಾಟಲಿಯನ್ನು ಮೂರು ಸಲ ಕೊಡವಿ ಗುಂಡಿಗೆ ಎಸೆದ. ಗುಂಡಿಯ ಮೇಲೆ ಸುಣ್ಣ ಹಾಕಿ ಮಣ್ಣು ಎಳೆದರು.

ನಾನು ಹೊರಗೆ ಬಂದು ರಸ್ತೆ ದಾಟಿದೆ. ಆಕೆ ಎದ್ದು ನಿಂತರು.

‘ಚೆಲ್ಲಿದ್ರೇನ್ರಿ?’

ಚೆಲ್ಲಿದರು ಎಂದೆ.

‘ಯಾವ ದಿಕ್ಕಿಗೆ ಮಾರಿ ಮಾಡಿ ಚೆಲ್ಲಿದ್ರು?’

ಸತ್ತವರಿಗೆ ಬಿಡುವುದನ್ನು ದಕ್ಷಿಣಕ್ಕೆ ಮುಖ ಮಾಡಿ ಬಿಡಬೇಕು. ಬಾಟಲಿಗಳ ಸಂಖ್ಯೆ, ಕ್ಯಾನುಗಳ ಅಳತೆ, ಹಾಜರಿದ್ದವರು, ಸಮಯ, ಎಲ್ಲ ನನ್ನ ಟಿಪ್ಪಣಿಯಲ್ಲಿತ್ತು. ಸುರಿದವನು ಯಾವ ದಿಕ್ಕಿಗೆ ನಿಂತಿದ್ದ ಎಂಬುದನ್ನು ಬರೆದುಕೊಂಡಿರಲಿಲ್ಲ. ನೋಡಿರಲೂ ಇಲ್ಲ. ಗೊತ್ತಿಲ್ಲ ಎಂದೆ. ಅವರು, ಬಸ್ಸಿಗೆ ಹೊತ್ತಾಯಿತು ಎಂದು ಹೊರಟರು.

2019ರ ಫೆಬ್ರವರಿ 17ರಂದು ನಾರಾಯಣಪೇಟೆ ಜಿಲ್ಲೆಯಾಯಿತು. ಕಡತಗಳು ಹೊಸ ಕಚೇರಿಗಳಿಗೆ ಬಂದವು. ಹಳೆಯ ಗುಡುಂಬಾ ಆರೋಪಿಗಳ ಪಟ್ಟಿಯನ್ನು ಹೊಸದಾಗಿ ಟೈಪು ಮಾಡಿದರು. ಆಕೆಯ ಹೆಸರು ಅದರಲ್ಲಿದೆ. ಹೆಸರಿನ ಮುಂದೆ ‘ಮುಚ್ಚಳಿಕೆ ಉಲ್ಲಂಘನೆ’ ಎಂದಿದೆ. ಪ್ರತಿ ಹಬ್ಬದ ಮೊದಲು ಒಬ್ಬ ಕಾನ್‌ಸ್ಟೇಬಲ್ ಬಂದು ಮನೆ ನೋಡಿ ಹೋಗುತ್ತಾನೆ.

ಬಾಟಲಿ 114 ಗದ್ವಾಲದ ಅಂಗಡಿಯ ಕಪಾಟಿಗೆ ವಾಪಸು ಬಂದಿದೆ. ಬಿರಡೆ ಇಲ್ಲ. ಪ್ಲಾಸ್ಟಿಕ್ಕಿನ ಎರಡು ಹೂವು ಇಟ್ಟಿದ್ದಾರೆ.

ಈ ವರ್ಷದ ಪೆತ್ರಮಾಸದ ಬೆಳಗ್ಗೆ ನಾನು ಆ ಊರಿಗೆ ಹೋಗಿದ್ದೆ. ಕಾನ್‌ಸ್ಟೇಬಲ್ ಆಗಲೇ ಬಂದು ಗುಮ್ಮಿ ನೋಡಿ ಹೋಗಿದ್ದ. ಎಡೆ ಇಟ್ಟಾಗಿತ್ತು. ರೊಟ್ಟಿ, ಪುಂಡಿಪಲ್ಯ, ಪಾಯಸ. ಪಕ್ಕದಲ್ಲಿ ಅದೇ ಸ್ಟೀಲಿನ ಲೋಟ. ಅದರಲ್ಲಿ ನೀರಿತ್ತು.